ನೆಂಟನನ್ನು ಬೈಯದ ಮನೆ

ಮಸೌಸೊ ಎಂದರೆ ನಮ್ಮ ಭಾಷೆಯಲ್ಲಿ ‘ಕಷ್ಟಗಳು’ ಎಂದರ್ಥ. ಒಂದು ಕಷ್ಟವಲ್ಲ, ಬಹುವಚನ. ಹುಟ್ಟಿದ ವಾರದಲ್ಲೇ ಇಂಥ ಹೆಸರು ಪಡೆದವನು ಮುಂದೆ ಮಾನವಶಾಸ್ತ್ರ ಓದುತ್ತೇನೆಂದು ಹೊರಟಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಅವನು ನನ್ನ ಚಿಕ್ಕಪ್ಪನ ಮಗ. ಬೆಳೆದದ್ದು ಚಿಪಾಟಾದ ನಮ್ಮ ಮನೆಯಲ್ಲಿ. ರಾಜಧಾನಿ ಲುಸಾಕಾದಲ್ಲಿ ಪದವಿ ಮುಗಿಸಿ ಅವನು ವಾಪಸು ಬಂದ ದಿನ, ಸಂತೆಯಲ್ಲಿ ಹಿಟ್ಟಿನ ಬೋಂಡಾ ಮಾರುವ ಪಕ್ಕದ ಮನೆಯ ಎಸ್ನಾತ್ ಅಕ್ಕ ಬೇಲಿಯಾಚೆಯಿಂದ ಕೇಳಿದಳು:

“ಏನು ಓದಿದ್ಯಪ್ಪಾ?”

“ಮನುಷ್ಯರನ್ನ, ಅಕ್ಕ. ಅವರು ಹೇಗೆ ಬದುಕ್ತಾರೆ, ಯಾರ ಜೊತೆ ಹೇಗೆ ಮಾತಾಡ್ತಾರೆ, ಅದನ್ನ.”

“ಅದಕ್ಕೆ ಲುಸಾಕಾಕ್ಕೆ ಯಾಕೆ ಹೋದೆ? ನಲ್ಲಿ ಹತ್ರ ಕೊಡ ಇಟ್ಕೊಂಡು ಕೂತಿದ್ರೆ ಆಗ್ತಿತ್ತಲ್ಲ.”

ಮಸೌಸೊಗೆ ಇನ್ನೂ ಓದಬೇಕಿತ್ತು. ಮೇಲಿನ ಪದವಿಗೂ ಅದಕ್ಕೆ ಬೇಕಾದ ಕ್ಷೇತ್ರಕಾರ್ಯಕ್ಕೂ ಹಣ ಕೊಡುವ ಸಂಸ್ಥೆಗಳು ಪ್ರಪಂಚದ ತುಂಬ ಇವೆ ಎಂದು ಅವನು ನಂಬಿದ್ದ. ಅದು ನಿಜವೂ ಹೌದು. ಒಬ್ಬರು ಪ್ರಯಾಣಕ್ಕೆ ಮಾತ್ರ ಕೊಡುತ್ತಾರೆ, ಒಬ್ಬರು ಪ್ರಯಾಣ ಮುಗಿಸಿ ಬಂದವರಿಗೆ ಬರೆಯಲು ಮಾತ್ರ ಕೊಡುತ್ತಾರೆ, ಇನ್ನೊಬ್ಬರು ಈಗಾಗಲೇ ಬೇರೆಯವರಿಂದ ಪಡೆದವರಿಗೆ ಮಾತ್ರ ಕೊಡುತ್ತಾರೆ. ಮಸೌಸೊ ಎಲ್ಲಕ್ಕೂ ಅರ್ಜಿ ಹಾಕಿದ. ದ್ವೀಪಗಳಲ್ಲಿ ಹುಟ್ಟಿದವರಿಗೆ ಮೀಸಲು ಎಂದಿದ್ದ ಒಂದಕ್ಕೂ ಹಾಕಿದ. ಮಳೆಗಾಲದಲ್ಲಿ ನಮ್ಮ ಮನೆಯ ಸುತ್ತಲೂ ನೀರು ನಿಲ್ಲುತ್ತದೆ ಎಂದು ಅದರಲ್ಲಿ ವಿವರಿಸಿದ್ದ.

ಎಲ್ಲ ಕಡೆಯಿಂದಲೂ ಉತ್ತರ ಬಂತು. ಎಲ್ಲವೂ ಒಂದೇ ರೀತಿ ಇದ್ದವು. ‘ತಮ್ಮ ಅರ್ಜಿಯನ್ನು ಅತ್ಯಂತ ಆಸಕ್ತಿಯಿಂದ ಓದಿದೆವು. ವಿಷಾದದಿಂದ ತಿಳಿಸುವುದೇನೆಂದರೆ. ದಯವಿಟ್ಟು ಅನ್ಯಥಾ ಭಾವಿಸಬೇಡಿ. ತಮ್ಮ ಭವಿಷ್ಯಕ್ಕೆ ಶುಭವಾಗಲಿ.’ ಇಷ್ಟೊಂದು ಮರ್ಯಾದೆಯನ್ನು ನಮ್ಮ ವಂಶದಲ್ಲಿ ಹಿಂದೆ ಯಾರೂ ಪಡೆದಿರಲಿಲ್ಲ. ಮಸೌಸೊ ಅದರಿಂದ ಒಂದು ಪಾಠ ಕಲಿತ: ಹಣ ಕೊಡುವವರು ಬಹಳ ನಯದ ಜನ, ನಾವೂ ಅವರ ಹಾಗೇ ನಯವಾಗಿರಬೇಕು. ಮುಂದಿನ ಅನಾಹುತಕ್ಕೆಲ್ಲ ಕಾರಣ ಈ ಪಾಠ.

ನಗರಸಭೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ನನ್ನ ಅಪ್ಪ ಲ್ಯಾಕ್ಸನ್ ಶಾವಾ ಈ ವೇಳೆಗೆ ತಾಳ್ಮೆ ಕಳೆದುಕೊಂಡಿದ್ದರು. ಕಟೇಟೆಯಲ್ಲಿ ಅವರ ಗೆಳೆಯರೊಬ್ಬರ ಮೆಕ್ಕೆಜೋಳದ ಗಿರಣಿ ಇತ್ತು. ಅಲ್ಲಿಗೊಬ್ಬ ಆಳು ಬೇಕಾಗಿತ್ತು.

“ಇನ್ನೊಂದೇ ಒಂದು ಅರ್ಜಿ,” ಎಂದರು ಅಪ್ಪ. “ಅದೂ ಆಗ್ಲಿಲ್ವಾ, ಗಿರಣಿ. ಅಲ್ಲೂ ಮನುಷ್ಯರೇ ಬರೋದು. ಹಿಟ್ಟು ಬೀಸ್ತಾ ಬೀಸ್ತಾ ಎಷ್ಟು ಬೇಕೋ ಅಷ್ಟು ಓದ್ಕೋ.”

ಗಿರಣಿಯ ಸದ್ದಿನಲ್ಲಿ ಮನುಷ್ಯ ಮಾತಾಡಿದ್ದು ಮನುಷ್ಯನಿಗೆ ಕೇಳುವುದಿಲ್ಲ. ಮಸೌಸೊ ನನ್ನ ಕಡೆ ನೋಡಿದ. ನಾನು ಏನೂ ಹೇಳಲಿಲ್ಲ. ನಾನು ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಇತಿಹಾಸದಲ್ಲಿ ಪದವಿ ಪಡೆದಿದ್ದೇನೆ.

ಕೊನೆಯ ಅರ್ಜಿಯಲ್ಲಿ ಮಸೌಸೊ ನಮ್ಮ ಮನೆಯ ವಿಷಯವನ್ನೇ ಬರೆದ. ನಾವು ಅಂಗೋನಿ ಜನ. ಉತ್ತರದ ಬೆಂಬಾ ಜನಕ್ಕೂ ನಮಗೂ ಮುತ್ತಜ್ಜಂದಿರ ಕಾಲದಲ್ಲಿ ಯುದ್ಧವಾಗಿತ್ತು. ಯುದ್ಧ ಮುಗಿದ ಮೇಲೆ ಈಟಿ ಕೆಳಗಿಟ್ಟು ನಾಲಿಗೆ ಎತ್ತಿಕೊಂಡರು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಭಾವಂದಿರು. ಎಲ್ಲಿ ಸಿಕ್ಕರೂ ಬೈಯಬೇಕು. ಅವರು ನಮ್ಮನ್ನು ಇಲಿ ತಿನ್ನುವವರೆನ್ನುತ್ತಾರೆ, ನಾವು ಅವರನ್ನು ಕೋತಿ ತಿನ್ನುವವರೆನ್ನುತ್ತೇವೆ. ಬ್ಯಾಂಕಿನ ಸಾಲಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ, ಸಾವಿನ ಮನೆಯಲ್ಲಿ ಕೂಡ ಬಿಡುವಂತಿಲ್ಲ. ಕೈಗೆ ಸಿಕ್ಕಿದ ಟೋಪಿಯನ್ನೋ ಚೀಲವನ್ನೋ ಕಿತ್ತುಕೊಂಡು ಒತ್ತೆ ಇಟ್ಟುಕೊಳ್ಳಬಹುದು. ಕೋಪ ಬಂದವನು ಸೋತ ಹಾಗೆ. ಇದನ್ನೆಲ್ಲ ಮಸೌಸೊ ದೊಡ್ಡ ಮಾತುಗಳಲ್ಲಿ ಬರೆದು, ಕೊನೆಗೆ ‘ನಮ್ಮ ಮನೆಯ ಹೊಸ್ತಿಲನ್ನು ಇದುವರೆಗೆ ಯಾವ ಬೆಂಬಾನೂ ಬೈಸಿಕೊಳ್ಳದೆ ದಾಟಿಲ್ಲ’ ಎಂದು ಮುಗಿಸಿದ್ದ.

ಈ ಸಲ ವಿಷಾದ ಬರಲಿಲ್ಲ. ಫೋನ್ ಬಂತು. ಹಣ ಕೊಡುವ ಸಂಸ್ಥೆಯ ಸಮಿತಿಯ ಸದಸ್ಯರೊಬ್ಬರು, ಡಾಕ್ಟರ್ ಕಪೆಂಬ್ವಾ, ಕ್ಷೇತ್ರವನ್ನು ಕಣ್ಣಾರೆ ನೋಡಲು ಶನಿವಾರ ಬರುತ್ತಾರೆ. ಅವರು ಒಪ್ಪಿದರೆ ಓದಿನ ಖರ್ಚು ಪೂರ್ತಿ ಸಿಗುತ್ತದೆ.

“ಕಪೆಂಬ್ವಾ ಅಂದ್ರೆ ಬೆಂಬಾ ಅಲ್ವೇನೋ?” ಎಂದಳು ಅಜ್ಜಿ ಮೂಲೆಯ ಚಾಪೆಯಿಂದ. ಅಜ್ಜಿ ನ್ಯಾಜೆರೆ ನನ್ನ ಅಪ್ಪನ ತಾಯಿ. ಅವಳ ಕಣ್ಣು ಮಸುಕಾಗಿ ಕೆಲವು ಮಳೆಗಾಲ ಕಳೆದಿದ್ದವು. ಆ ಕ್ಷಣ ಎರಡೂ ದೀಪದ ಹಾಗೆ ಹೊತ್ತಿಕೊಂಡವು. “ಉತ್ತರದ ಕಸಾಮಾ ಕಡೆಯವನಾ? ಇಲ್ಲಿಗೇ ಬರ್ತಾನಾ? ಅವನ ಕಾಲಲ್ಲೇ ನಡ್ಕೊಂಡು?”

“ಅವ್ವಾ,” ಎಂದರು ಅಪ್ಪ, ಕಚೇರಿಯ ಧ್ವನಿಯಲ್ಲಿ. “ಅವರು ಬೆಂಬಾ ಅಲ್ಲ.”

“ಮತ್ತೇನು?”

“ಅವರು ಸಮಿತಿ. ದುಡ್ಡು ಕೊಡೋವರಿಗೆ ಯಾವ ಕುಲಾನೂ ಇರಲ್ಲ.”

ಮಸೌಸೊ ತಲೆಯಾಡಿಸಿದ. ತಾನು ಅರ್ಜಿಯಲ್ಲಿ ಬರೆದದ್ದನ್ನೇ ಮನೆಯಲ್ಲಿ ನಿಲ್ಲಿಸುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಲಿಲ್ಲ. ಅವನ ಲೆಕ್ಕದಲ್ಲಿ ಸಂಶೋಧನೆ ಬೇರೆ, ಸಂಶೋಧನೆಗೆ ಹಣ ತರುವವರು ಬೇರೆ. “ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ. ಕೋತಿ ಅನ್ನೋ ಮಾತು ಬರಬಾರದು. ಮರ ಅಂತಾನೂ ಬೇಡ. ಬಾಳೆಹಣ್ಣು ಕೂಡ ಕೊಡೋದು ಬೇಡ, ಅಪಾರ್ಥ ಆಗುತ್ತೆ.”

ಅಜ್ಜಿ ಹೇಳಿದಳು: “ನಿಮ್ಮ ತಾತ ಹೋದಾಗ ಒಬ್ಬ ಬೆಂಬಾ ಬಂದು ಮಣ್ಣು ಮಾಡೋಕೆ ತೋಡಿದ್ದ ಗುಂಡೀಲಿ ಮಲಗಿಬಿಟ್ಟ. ನನ್ನ ಕೈಯಿಂದ ಏನಾದ್ರೂ ಕೊಡೋ ತನಕ ಏಳಲ್ಲ, ಈ ಮುದುಕ ಬೇರೆ ಕಡೆ ಜಾಗ ನೋಡ್ಕೊಳ್ಳಲಿ ಅಂದ. ನಾನು ನಕ್ಕೆ. ಅವತ್ತು ನಗದಿದ್ರೆ ನಾನೂ ಅದೇ ಗುಂಡಿಗೆ ಹೋಗ್ತಿದ್ದೆ. ಆ ಸಾಲ ತೀರಿಸೋಕೆ ಇಷ್ಟು ವರ್ಷದಲ್ಲಿ ಒಬ್ಬ ಬೆಂಬಾನೂ ಈ ಮನೆಗೆ ಬಂದಿಲ್ಲ. ಈಗ ಬರ್ತಿದ್ದಾನೆ, ನೀವು ಬಾಯಿ ಹೊಲ್ಕೋ ಅಂತೀರಿ.”

ಆದರೆ ತೀರ್ಮಾನ ಬದಲಾಗಲಿಲ್ಲ. ಅಜ್ಜಿ ಹಿಂದಿನ ಕೋಣೆಯಲ್ಲಿರಬೇಕು. ಮಾತಾಡದವನೆಂಬ ಖ್ಯಾತಿಯಿಂದ ನಾನು ಅವಳ ಬಾಗಿಲಲ್ಲಿ ಕಾವಲು ಕೂರಬೇಕು. ಒಲೆಯ ಮೇಲೆ ಕಡ್ಡಿಗೆ ಪೋಣಿಸಿ ತೂಗುಹಾಕಿದ್ದ ಒಣಗಿದ ಇಲಿಗಳನ್ನು ಅಪ್ಪ ತಾವೇ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಅಜ್ಜಿಯ ಹಾಸಿಗೆಯ ಕೆಳಗೆ ತಳ್ಳಿದರು. ಅಡುಗೆಗೆ ಎಸ್ನಾತ್ ಅಕ್ಕನನ್ನು ಕರೆದರು. ಶುಕ್ರವಾರ ಸಂಜೆ ತಾಲೀಮು ನಡೆಯಿತು. ಅಪ್ಪ ಡಾಕ್ಟರಾಗಿ ಬಾಗಿಲಲ್ಲಿ ನಿಂತರು, ಮಸೌಸೊ ಬಗ್ಗಿ ಬಗ್ಗಿ ಸ್ವಾಗತಿಸಿದ.

“ಇನ್ನೂ ಬಗ್ಗು,” ಎಂದಳು ಎಸ್ನಾತ್ ಅಕ್ಕ. “ಬಿದ್ದದ್ದನ್ನ ಹುಡುಕ್ತಿದ್ದೀಯ ಅಂದ್ಕೊಂಡ್ರೂ ಪರವಾಗಿಲ್ಲ.”

ಶನಿವಾರ ಡಾಕ್ಟರ್ ಕಪೆಂಬ್ವಾ ಸೈಕಲ್ ಟ್ಯಾಕ್ಸಿಯ ಹಿಂದೆ ಕೂತು ಬಂದರು. ದುಂಡಗಿನ ಮನುಷ್ಯ, ಬೆವರಿದ ಮುಖ, ಹೊಳೆಯುವ ಕಂದು ಬಣ್ಣದ ಶೂ. ಸೈಕಲ್ಲಿನವನು ಅಂಗೋನಿ, ಬಸ್‌ಸ್ಟ್ಯಾಂಡಿನಿಂದ ಇಲ್ಲಿಯ ತನಕ ದಾರಿಯುದ್ದಕ್ಕೂ ಅವರ ತೂಕದ ಬಗ್ಗೆಯೂ ಅವರ ಬಾಲದ ಬಗ್ಗೆಯೂ ಮಾತಾಡಿದ್ದನೆಂದು ಕಾಣುತ್ತದೆ. ಅವರು ನಗುತ್ತಲೇ ಇಳಿದರು, ನಗುತ್ತಲೇ ಶೂ ಬಿಚ್ಚಿ ಬಾಗಿಲ ಬಳಿ ಇಟ್ಟರು, ಮೂಗು ಅರಳಿಸಿದರು.

“ಇಲಿ ವಾಸನೆ ಹಿಡ್ಕೊಂಡೇ ಬಂದೆ. ಸರಿಯಾದ ಮನೆಗೇ ಬಂದಿದ್ದೀನಿ ತಾನೇ?”

ಈ ಮಾತಿಗೆ ನಮ್ಮ ಊರಿನ ಯಾವ ಮನೆಯಲ್ಲೂ ಸಿಗುವ ಉತ್ತರ ಹಾಲು ಕುಡಿಯುವ ಮಗುವಿಗೂ ಗೊತ್ತು. ಅಪ್ಪ ಎರಡು ಕೈ ಜೋಡಿಸಿ, ದೊಡ್ಡವರಿಗೆ ಮರ್ಯಾದೆಗೆ ತಟ್ಟುವ ಹಾಗೆ ಮೆಲ್ಲಗೆ ಚಪ್ಪಾಳೆ ತಟ್ಟಿ, ಸೊಂಟ ಬಗ್ಗಿಸಿದರು.

“ದಯವಿಟ್ಟು ಒಳಗೆ ಬರೋಣವಾಗಲಿ, ಸರ್. ತಮ್ಮ ಪಾದ ನಮ್ಮ ಮನೆಗೆ ಬಂದದ್ದು ನಮ್ಮ ಭಾಗ್ಯ.”

ಡಾಕ್ಟರ ನಗು ಅರ್ಧಕ್ಕೆ ನಿಂತಿತು. ಅವರು ತಮ್ಮ ಪಾದಗಳನ್ನೊಮ್ಮೆ ನೋಡಿಕೊಂಡು ಒಳಗೆ ಬಂದರು.

ಕುರ್ಚಿಯಲ್ಲಿ ಕೂತು ಎರಡನೆಯ ಪ್ರಯತ್ನ ಮಾಡಿದರು. “ಈ ಕುರ್ಚಿ ಗಟ್ಟಿಯಾಗಿದೆ. ನಮ್ಮಿಂದ ಕದ್ದದ್ದೇ ಇರಬೇಕು. ಅಂಗೋನಿಗಳಿಗೆ ಕುರ್ಚಿ ಮಾಡೋಕೆ ಎಲ್ಲಿ ಬರುತ್ತೆ?”

“ತಾವು ಹೇಳಿದ್ದು ಸರಿ, ಸರ್,” ಎಂದ ಮಸೌಸೊ.

“ಸರಿಯಾ?”

“ಪೂರ್ತಿ ಸರಿ, ಸರ್.”

ನನ್ನ ಬೆನ್ನ ಹಿಂದಿನ ಕೋಣೆಯಲ್ಲಿ ಯಾರೋ ಹಲ್ಲಿಲ್ಲದ ಬಾಯಿಂದ ಹಲ್ಲು ಕಡಿದ ಸದ್ದಾಯಿತು.

ಊಟ ಬಂತು. ಮೆಕ್ಕೆಜೋಳದ ಹಿಟ್ಟಿನ ನ್ಶಿಮಾ ಮುದ್ದೆ, ನಾಟಿ ಕೋಳಿ, ಶೇಂಗಾಪುಡಿ ಹಾಕಿದ ಸೊಪ್ಪು. ಡಾಕ್ಟರು ಕೈ ತೊಳೆದು ತಟ್ಟೆಯ ಮೇಲೆ ಬಗ್ಗಿದರು. “ಏನಿದು, ಬಾಲಾನೇ ಇಲ್ಲ? ಬಾಲ ಇರೋದನ್ನೆಲ್ಲ ನೀವೇ ಮುಗಿಸಿಬಿಟ್ರಾ?”

ಎಸ್ನಾತ್ ಅಕ್ಕನ ತುಟಿ ಅದುರಿತು. ಅವಳ ಗಂಟಲಲ್ಲಿ ಮರದಿಂದ ಮರಕ್ಕೆ ಹಾರುವ ಏನೋ ಒಂದು ಬಂದು ನಿಂತಿತ್ತು. ಅವಳು ಸೊಂಟದ ಚಿತೆಂಗೆ ಬಟ್ಟೆಯ ಅಂಚನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಬಾವಿಕಟ್ಟೆಯ ಕಡೆಯಿಂದ ಕೆಮ್ಮು ಬಹಳ ಹೊತ್ತು ಕೇಳಿಸಿತು.

“ಕೋಳಿ ರುಚಿಸದಿದ್ದಲ್ಲಿ ದಯವಿಟ್ಟು ಕ್ಷಮಿಸಬೇಕು, ಸರ್,” ಎಂದರು ಅಪ್ಪ.

ಡಾಕ್ಟರು ಸುತ್ತ ನೋಡಿದರು. ಮೌನದಲ್ಲಿ ಹಲವು ಬಗೆಗಳಿವೆ. ಅವುಗಳ ಜೊತೆ ನನಗೆ ಸಾಕಷ್ಟು ಒಡನಾಟವಿದೆ. ಆದರೆ ಒಬ್ಬ ಬೆಂಬಾ ಬಾಲದ ಮಾತೆತ್ತಿದ ಮೇಲೆ ಅಂಗೋನಿಯ ಮನೆಯಲ್ಲಿ ಹರಡಿದ ಆ ಮೌನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೋಳಿಗಳು ಕೂಡ ಅಂಗಳದಲ್ಲಿ ಕೆದಕುವುದನ್ನು ನಿಲ್ಲಿಸಿದ್ದವು.

ಡಾಕ್ಟರು ತುತ್ತು ಕೆಳಗಿಟ್ಟು, ಧ್ವನಿ ತಗ್ಗಿಸಿ ಕೇಳಿದರು: “ಮನೇಲಿ ಯಾರಾದ್ರೂ ತೀರಿಕೊಂಡಿದ್ದಾರಾ?”

“ಇಲ್ಲ, ಸರ್. ಎಲ್ಲ ತಮ್ಮ ಆಶೀರ್ವಾದ.”

“ಸಾವಿದ್ರೂ ಹೀಗಿರಲ್ಲವಲ್ಲ.” ಅವರು ಹಣೆ ಒರೆಸಿಕೊಂಡರು. “ನಮ್ಮವರು ಯಾರಾದ್ರೂ ನಿಮಗೆ ಏನಾದ್ರೂ ಮಾಡಿದ್ರಾ? ಜಮೀನಿನ ಜಗಳ? ಹೆಣ್ಣು ಕೊಟ್ಟು ತಗೊಂಡ ವಿಷಯ? ಇದ್ರೆ ಹೇಳಿ. ಇಷ್ಟು ಸಿಟ್ಟು ಒಳ್ಳೇದಲ್ಲ.”

“ಸಿಟ್ಟೇ? ತಮ್ಮ ಮೇಲೆ ನಮಗೆ ಅಪಾರ ಗೌರವ, ಸರ್,” ಎಂದರು ಅಪ್ಪ.

ಆ ಮಾತಿಗೆ ಡಾಕ್ಟರ ಮುಖ ಕೆನ್ನೆಗೆ ಹೊಡೆಸಿಕೊಂಡವರ ಹಾಗಾಯಿತು. ಅವರು ಮಸೌಸೊ ಕಡೆ ತಿರುಗಿದರು. “ನೋಡಿ, ನಾನು ಈ ಮನೆ ಹೊಸ್ತಿಲು ದಾಟಿದ್ದೀನಿ. ಕೂತಿದ್ದೀನಿ. ಊಟ ಮಾಡಿದ್ದೀನಿ. ನನ್ನನ್ನ ಇಷ್ಟು ಹೊತ್ತು ಯಾರೂ ಏನೂ ಅಂದಿಲ್ಲ. ನೀವು ಬರೆದದ್ದು ನಿಮ್ಮ ಕಲ್ಪನೆಯಾ? ಇಲ್ಲ, ಈ ಪದ್ಧತಿ ಇಲ್ಲಿ ಸತ್ತೇ ಹೋಯ್ತಾ?”

“ಇದೆ, ಸರ್... ಆದರೆ ತಮಗೆ...”

“ನನಗೆ ಇಲ್ಲ. ಅರ್ಥ ಆಯ್ತು.” ಅವರು ಎದ್ದು ನಿಂತು ಅಂಗಿಯ ಮಡಿಕೆ ಸರಿಮಾಡಿಕೊಂಡರು. ಮುಂದೆ ಅವರಾಡಿದ ಮಾತು ಬೇರೆಯದೇ ಭಾಷೆಯಂತಿತ್ತು. “ತಮ್ಮ ಆತಿಥ್ಯಕ್ಕೆ ಕೃತಜ್ಞತೆಗಳು. ತಮ್ಮ ಭವಿಷ್ಯಕ್ಕೆ ಶುಭವಾಗಲಿ.”

ಮಸೌಸೊ ಬೂದಿಯ ಬಣ್ಣಕ್ಕೆ ತಿರುಗಿದ. ಈ ವಾಕ್ಯ ಅವನಿಗೆ ಬಾಯಿಪಾಠವಾಗಿತ್ತು. ಅವನ ಕಿವಿಯಲ್ಲಿ ಕಟೇಟೆಯ ಗಿರಣಿ ತಿರುಗತೊಡಗಿದ್ದು ನನ್ನ ತನಕ ಕೇಳಿಸಿತು. ಈಗ ಬೈಯಬೇಕು, ಈ ಕ್ಷಣವೇ ಬೈಯಬೇಕು ಎಂದು ಅವನಿಗೆ ಕೊನೆಗೂ ಹೊಳೆಯಿತು. ಆದರೆ ವಾರವಿಡೀ ನಯ ಅಭ್ಯಾಸ ಮಾಡಿದ ನಾಲಿಗೆ ತಿರುಗಲಿಲ್ಲ.

“ಸರ್, ದಯವಿಟ್ಟು... ತಾವು ಅನ್ಯಥಾ ಭಾವಿಸದಿದ್ದರೆ... ತಾವು ಕೋತಿಯನ್ನು ಸೇವಿಸುತ್ತೀರಂತೆ.”

ಡಾಕ್ಟರು ಕಣ್ಣು ಕಿರಿದು ಮಾಡಿ ನೋಡಿದರು.

ಅಪ್ಪ ನೆರವಿಗೆ ಧಾವಿಸಿದರು. “ತಮ್ಮ ಪೂಜ್ಯ ಪೂರ್ವಿಕರು, ಸರ್, ಕೆಲವು ಕಾಲ ಮರದ ಮೇಲೆ ವಾಸವಾಗಿದ್ದರೆಂದು ನಮ್ಮಲ್ಲಿ ಮಾಹಿತಿ ಇದೆ.”

“ಮಾಹಿತಿ,” ಎಂದರು ಡಾಕ್ಟರು. “ನನ್ನನ್ನ ಅವಮಾನ ಮಾಡ್ತಿದ್ದೀರಾ?” ಬೈಗುಳವನ್ನು ಹೀಗೆ ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ ಕೊಟ್ಟರೆ ಅದು ನಿಜವಾದ ಬೈಗುಳವಾಗಿಬಿಡುತ್ತದೆ. ಅವರು ಬಿರಬಿರನೆ ಬಾಗಿಲಿಗೆ ನಡೆದರು. ಅಲ್ಲಿ ನಿಂತರು. ಆಚೆ ಈಚೆ ನೋಡಿದರು.

“ನನ್ನ ಶೂ ಎಲ್ಲಿ?”

ನಾನು ತಿರುಗಿ ನೋಡಿದೆ. ಹಿಂದಿನ ಕೋಣೆಗೆ ಒಂದು ಕಿಟಕಿ ಇದೆ. ಅದರಲ್ಲಿ ಅಜ್ಜಿಯಂಥವರು ದಾಟಬಲ್ಲರೆಂದು ನಾನು ಎಣಿಸಿರಲಿಲ್ಲ. ಕೋಣೆ ಖಾಲಿಯಿತ್ತು.

ಅಂಗಳದ ಮಾವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಅಜ್ಜಿ ಕೂತಿದ್ದಳು. ಕಾಲು ಉದ್ದಕ್ಕೆ ಚಾಚಿದ್ದಳು. ಒಣಗಿದ ಆ ಎರಡು ಕಾಲುಗಳ ತುದಿಯಲ್ಲಿ ಕಂದು ಬಣ್ಣದ ಎರಡು ಶೂಗಳು ದೋಣಿಗಳ ಹಾಗೆ ಅಲುಗಾಡುತ್ತಿದ್ದವು.

“ಬಾರೋ ನನ್ನ ಗಂಡ,” ಎಂದಳು ಅಜ್ಜಿ, ಭಾವನನ್ನು ಕರೆಯುವ ಸಲುಗೆಯಲ್ಲಿ. “ಮರ ನೋಡಿದ್ಯಾ? ನಿನಗೋಸ್ಕರಾನೇ ನೆಟ್ಟದ್ದು. ಮೇಲೆ ಹೋಗಿ ಕೂತ್ಕೋ, ಆಮೇಲೆ ಮಾತಾಡೋಣ.”

ಅಪ್ಪ ಕಣ್ಣು ಮುಚ್ಚಿಕೊಂಡರು. ಮಸೌಸೊ ಗೋಡೆಗೆ ಆತುಕೊಂಡ. ಡಾಕ್ಟರು ಅಜ್ಜಿಯನ್ನು ನೋಡಿದರು, ತಮ್ಮ ಶೂಗಳನ್ನು ನೋಡಿದರು. ಅವರ ಮುಖದಲ್ಲಿ ಮೊದಲು ಕೆನ್ನೆ, ಆಮೇಲೆ ಕಣ್ಣು, ಆಮೇಲೆ ಹೊಟ್ಟೆ ಅಲುಗಿತು.

“ಮುದುಕಿ,” ಎಂದರು ಅವರು, ಮನೆಗೆ ವಾಪಸು ಬಂದವರ ಧ್ವನಿಯಲ್ಲಿ. “ಆ ಶೂ ಬಿಚ್ಚು. ಇಲಿ ಹಿಡಿಯೋ ಕಾಲಿಗೆ ಅದು ಒಗ್ಗಲ್ಲ.”

“ಬಿಚ್ತೀನಿ. ಒಂದು ಕೋತಿ ತಂದುಕೊಡು. ಮಾವನೋ ಚಿಕ್ಕಪ್ಪನೋ, ಮನೇಲಿ ಯಾರು ಬಿಡುವಾಗಿದ್ರೆ ಅವರನ್ನ ಕಳಿಸು.”

“ನಮ್ಮ ತಾತಂದಿರು ನಿಮ್ಮನ್ನ ಓಡಿಸಿದಾಗ್ಲೇ ಪೂರ್ತಿ ಓಡಿಸಿಬಿಡಬೇಕಿತ್ತು.”

“ಓಡಿಸಿದ್ರಾ? ನಿಮ್ಮವರು ಮರ ಹತ್ತಿದ್ದನ್ನ ನೋಡಿ ಇವರ ಜೊತೆ ಏನು ಯುದ್ಧ ಅಂತ ನಾವೇ ಬಿಟ್ಟು ಬಂದದ್ದು. ಡಾಕ್ಟರಂತೆ. ಯಾರಿಗೆ ಔಷಧಿ ಕೊಡ್ತೀಯ? ಬಾಲ ನೋವಿರೋರಿಗಾ?”

ಎಸ್ನಾತ್ ಅಕ್ಕ ಬಾಯಿಂದ ಬಟ್ಟೆ ತೆಗೆದು ಅಂಗಳಕ್ಕೆ ಓಡಿಬಂದಳು. ಅಷ್ಟು ಹೊತ್ತು ಒಳಗೆ ಹಿಡಿದಿಟ್ಟದ್ದನ್ನೆಲ್ಲ ಅವಳು ಒಂದೇ ಉಸಿರಿನಲ್ಲಿ ಸುರಿದಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ಬೇಲಿಯ ಮೇಲೆ ತಲೆಗಳು ಮೂಡಿದವು. ಸೈಕಲ್ ಟ್ಯಾಕ್ಸಿಯವನು ಬಾಡಿಗೆ ಬಿಟ್ಟು ಒಳಗೆ ಬಂದು ಕೂತ. ಡಾಕ್ಟರು ನಡು ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಒಬ್ಬೊಬ್ಬರಿಗೂ ಉತ್ತರ ಕೊಟ್ಟರು. ಅಷ್ಟು ಸಂತೋಷವಾಗಿ ಬೈಸಿಕೊಂಡ ಮನುಷ್ಯನನ್ನು ನಾನು ಕಂಡಿಲ್ಲ. ಕೊನೆಗೆ ಅಪ್ಪ ಕೂಡ ಮೆಟ್ಟಿಲಿಳಿದು, ಗಂಟಲು ಸರಿಮಾಡಿಕೊಂಡು, “ಕೋತಿ” ಎಂದರು. ವಿಶೇಷಣವಿಲ್ಲದೆ, ಬಹುವಚನವಿಲ್ಲದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಜ್ಜಿ ಹಾಸಿಗೆಯ ಕೆಳಗಿನ ಬಟ್ಟೆಗಂಟನ್ನು ತರಿಸಿ, ಇಲಿಗಳ ಒಂದು ಕಡ್ಡಿಯನ್ನು ಡಾಕ್ಟರ ಚೀಲಕ್ಕೆ ಸಿಕ್ಕಿಸಿದಳು. ಅವರು ಮುಖ ಸಿಂಡರಿಸಿದರೂ ತೆಗೆದು ಬಿಸಾಡಲಿಲ್ಲ. ಬಹಳ ಹೊತ್ತು ಚೌಕಾಶಿಯಾದ ಮೇಲೆ ಬಲಗಾಲಿನ ಶೂ ವಾಪಸು ಸಿಕ್ಕಿತು. ಎಡಗಾಲಿನದು ಕೋತಿ ಬರುವ ತನಕ ಒತ್ತೆ.

“ನನ್ನ ಗಂಡ ಸತ್ತಾಗ ನಿಮ್ಮವನೊಬ್ಬ ಗುಂಡೀಲಿ ಮಲಗಿದ್ದ,” ಎಂದಳು ಅಜ್ಜಿ, ಅವರು ಹೊರಡುವಾಗ.

ಡಾಕ್ಟರು ಒಂದು ಕ್ಷಣ ನಿಂತರು. “ಎದ್ನಾ, ಇಲ್ಲಾ ಅಲ್ಲೇ ಮಲಗಿದ್ದಾನಾ? ನಮ್ಮವರು ಸೋಮಾರಿಗಳು.”

ಅಜ್ಜಿ ಚಾಪೆಯ ಮೇಲೆ ಉರುಳಿ ಉರುಳಿ ನಕ್ಕಳು. ಒಂದೇ ಕಾಲಿಗೆ ಶೂ ತೊಟ್ಟ ಡಾಕ್ಟರು ಸೈಕಲ್ಲಿನ ಹಿಂದೆ ಕೂತು, ಸೈಕಲ್ಲಿನವನೊಂದಿಗೆ ಬೈದಾಡುತ್ತ ಮರೆಯಾದರು. ಅರ್ಜಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಅದು ಎಲ್ಲರಿಗೂ ನೆನಪಾದದ್ದು ಸೈಕಲ್ ತಿರುವಿನಲ್ಲಿ ಕಣ್ಮರೆಯಾದ ಮೇಲೆ.

ಫೋನ್ ಬಂದದ್ದು ಹಲವು ದಿನಗಳ ನಂತರ, ಅಪ್ಪನ ಮೊಬೈಲಿಗೆ. ಎಲ್ಲರಿಗೂ ಕೇಳಲೆಂದು ಅಪ್ಪ ಅದನ್ನು ಮೇಜಿನ ಮೇಲಿಟ್ಟರು.

“ಅಲ್ಲಿ ಇಲಿ ತಿನ್ನೋ ಕತ್ತೆ ಒಂದಿದೆಯಲ್ಲ, ಮಸೌಸೊ ಅಂತ,” ಎಂದಿತು ಡಾಕ್ಟರ ಧ್ವನಿ. “ಅವನಂಥ ದಡ್ಡನ್ನ ನಮ್ಮ ಸಮಿತಿ ಹುಟ್ಟಿದಾಗಿನಿಂದ ನೋಡಿಲ್ಲ. ಅವನಿಗೆ ದುಡ್ಡು ಕೊಡೋದೂ ಒಂದೇ, ಇಲಿ ಬಿಲಕ್ಕೆ ಸುರಿಯೋದೂ ಒಂದೇ. ತಿಂಗಳ ಮೊದಲ ಸೋಮವಾರ ನನ್ನ ಕಚೇರಿ ಕಡೆ ಏನಾದ್ರೂ ಸುಳಿದ್ರೆ, ಶೂ ಇಲ್ಲದೆ ಬಂದ್ರೆ...” ಅಲ್ಲಿಗೆ ಫೋನ್ ಕಡಿಯಿತು. ಮತ್ತೆ ಹಚ್ಚಿದರೆ ಸಿಗಲಿಲ್ಲ.

ಮನೆ ಎರಡು ಪಕ್ಷವಾಯಿತು.

“ಮುಗೀತು,” ಎಂದರು ಅಪ್ಪ. “ಬಿಲಕ್ಕೆ ಸುರಿದ ಹಾಗೆ ಅಂದ್ರು. ಸ್ಪಷ್ಟವಾಗಿದೆ. ನಾಳೆ ಗಿರಣಿಯ ಲಾರಿ ಬರುತ್ತೆ, ಹತ್ತಿಸ್ತೀನಿ.”

“ಸೋಮವಾರ ಅಂತ ದಿನ ಯಾಕೆ ಹೇಳ್ತಿದ್ರು?” ಎಂದಳು ಎಸ್ನಾತ್ ಅಕ್ಕ.

“ಬರಬೇಡ ಅನ್ನೋಕೆ.”

“ಬರಬೇಡ ಅನ್ನೋಕೆ ಯಾರಾದ್ರೂ ದಿನ ಗೊತ್ತು ಮಾಡ್ತಾರಾ?”

ಮನುಷ್ಯರು ಯಾರ ಜೊತೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಓದಿ ಪದವಿ ಪಡೆದ ಮಸೌಸೊ ತಲೆ ಮೇಲೆ ಕೈ ಹೊತ್ತು ಇಬ್ಬರ ಮುಖವನ್ನೂ ನೋಡುತ್ತಿದ್ದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಜ್ಜಿಯ ಕಡೆ ತಿರುಗಿದೆ.

ಅಜ್ಜಿ ಚಾಪೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ವಿಷಾದ ಅಂದ್ನಾ?”

“ಇಲ್ಲ,” ಎಂದ ಮಸೌಸೊ.

“ದಯವಿಟ್ಟು ಅಂದ್ನಾ?”

“ಇಲ್ಲ, ಅಜ್ಜಿ.”

“ಅದೇನೋ ಅಂತಾರಲ್ಲ, ನಿನ್ನ ಭವಿಷ್ಯಕ್ಕೆ ಅಂತ?”

“ಶುಭವಾಗಲಿ. ಇಲ್ಲ, ಅದನ್ನೂ ಅನ್ಲಿಲ್ಲ.”

“ಹಾಗಾದ್ರೆ ಎದ್ದು ಪೆಟ್ಟಿಗೆ ಕಟ್ಟು.”

ಗಿರಣಿಯ ಲಾರಿ ಮರುದಿನ ಬಂತು. ಎಸ್ನಾತ್ ಅಕ್ಕನ ಹತ್ತಿರ ಬೋಂಡಾ ತಿಂದು ಖಾಲಿ ಹೋಯಿತು. ತಿಂಗಳ ಮೊದಲ ಸೋಮವಾರ ಮಸೌಸೊ ಲುಸಾಕಾದಲ್ಲಿದ್ದ. ಕಚೇರಿಯಲ್ಲಿ ಡಾಕ್ಟರು ಅವನಿಂದ ಸಹಿ ಹಾಕಿಸಿಕೊಂಡು, ಹಣ ಮಂಜೂರು ಮಾಡಿ, ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ ಚೆನ್ನಾಗಿ ಉಗಿದರಂತೆ. ಅದೇ ಕೋಣೆಯಲ್ಲಿ ಅದೇ ದಿನ ಇನ್ನೊಬ್ಬ ಹುಡುಗನ ಕೈ ಕುಲುಕಿ, ಬಾಗಿಲ ತನಕ ಬಂದು ಬೀಳ್ಕೊಟ್ಟರಂತೆ. ಆ ಹುಡುಗನ ಬಗ್ಗೆ ಮಸೌಸೊಗೆ ಇವತ್ತಿಗೂ ಮರುಕ.

ಶೂವನ್ನು ಅವನು ಒಯ್ದಿರಲಿಲ್ಲ. ಅಜ್ಜಿ ಕೊಡಲಿಲ್ಲ. ಅದು ನಮ್ಮ ಒಲೆಯ ಮೇಲೆ, ಇಲಿಯ ಕಡ್ಡಿಗಳ ಪಕ್ಕದಲ್ಲಿ, ಹೊಗೆ ಕುಡಿಯುತ್ತ ನೇತಾಡುತ್ತಿದೆ. ಡಾಕ್ಟರು ಪ್ರತಿ ರಜೆಯಲ್ಲೂ ಅದನ್ನು ಬಿಡಿಸಿಕೊಳ್ಳಲು ಬರುತ್ತಾರೆ, ಮಾವಿನ ಮರದ ಕೆಳಗೆ ಸಂಜೆಯವರೆಗೆ ಬೈದು, ಬೈಸಿಕೊಂಡು, ಬರಿಗೈಯಲ್ಲಿ ಹೋಗುತ್ತಾರೆ. ಒಂದೇ ಒಂದು ಸಲ ‘ದಯವಿಟ್ಟು’ ಅಂದಿದ್ದರೆ ಅಜ್ಜಿ ಆ ಗಳಿಗೆಯೇ ಶೂ ಕೈಗಿತ್ತು, ಮತ್ತೆ ಆ ಮನುಷ್ಯನ ಮುಖ ನೋಡುತ್ತಿರಲಿಲ್ಲ. ಅದು ಅವರಿಗೂ ಗೊತ್ತು. ಅವರು ಇದುವರೆಗೂ ಅಂದಿಲ್ಲ.